ಅಕ್ಕನ ಮೂಗಾಗಿದ್ದ ದಿನಗಳು

ಮೊನ್ನೆ ಪಕ್ಕದ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಯಲು ಬಂದವನು ಸಂಜೆ ಬ್ರಶ್ಶು ತೊಳೆಯಲೆಂದು ಒಂದು ಡಬ್ಬಿಯಲ್ಲಿ ಸೀಮೆಎಣ್ಣೆ ಸುರಿದುಕೊಂಡ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆಯಷ್ಟೇ ಅಂತರ. ನಾನು ಅಡುಗೆಮನೆಯಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಎದುರಿಗೆ ನನ್ನ ಮಗಳು ಮೊಬೈಲು ಹಿಡಿದುಕೊಂಡು, ಭಾನುವಾರ ಊಟಕ್ಕೆ ಬರಲಿರುವ ತನ್ನ ಆಫೀಸಿನವರಿಗೆ ಏನೇನು ಮಾಡುವುದೆಂದು ಪಟ್ಟಿ ಮಾಡುತ್ತಿದ್ದಳು. “ಅವ್ವಾ, ಸಿಹಿಗಿ ಹೋಳಿಗಿ ಬರೀಲೇನು?” ಎಂದು ಅವಳು ಕೇಳಿದ್ದೂ ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೂ ಒಂದೇ ಗಳಿಗೆಯಲ್ಲಿ. ನನ್ನ ಕೈ ನಿಂತಿತು. “ಬ್ಯಾಡ,” ಎಂದೆ. “ಯಾಕ?” ಎಂದಳು. ಎದ್ದು ಹೋಗಿ ಕಿಟಕಿ ಮುಚ್ಚಿದೆ. ಯಾಕೆಂದು ಅವಳಿಗೆ ಹೇಳಲಿಲ್ಲ. ಯಾರಿಗೂ ಹೇಳಿಲ್ಲ. ನಾನು ಏಳನೆಯ ತರಗತಿ ದಾಟಿ ಅರ್ಧ ವರ್ಷ ಸಾಲೆ ಕಲಿತವಳು, ಬರೆದು ರೂಢಿಯಿಲ್ಲ. ಆದರೂ ಇದನ್ನು ಬಾಯಿಂದ ಹೇಳುವುದಕ್ಕಿಂತ ಬರೆಯುವುದು ಸುಲಭವಾದೀತು ಅನ್ನಿಸಿ ಕುಳಿತಿದ್ದೇನೆ.

ನಮ್ಮ ಮನೆ ಕಮಲಾಪುರದಲ್ಲಿತ್ತು, ದೊಡ್ಡ ರಸ್ತೆಗೆ ಹತ್ತಿಕೊಂಡೇ. ಅಪ್ಪನಿಗೆ ಒಂದು ತುಂಡು ಬಾಳೆ ತೋಟವಿತ್ತು, ನಮ್ಮೂರಿನ ಕೆಂಪು ಬಾಳೆ. ಅಂಗಳ ದಾಟಿದರೆ ಎಡಕ್ಕೆ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಗೊನೆಗಳನ್ನು ಒಣಹುಲ್ಲಿನಲ್ಲಿ ಮುಚ್ಚಿ ಮಾಗಲು ಇಡುತ್ತಿದ್ದರು. ಬಾಗಿಲು ತೆರೆದರೆ ಹುಲ್ಲಿನ ಬಿಸಿ, ಹಣ್ಣಿನ ಸಿಹಿ, ಮಣ್ಣುಗೋಡೆಯ ತಣ್ಣನೆಯ ವಾಸನೆ ಮೂರೂ ಕೂಡಿ ಮುಖಕ್ಕೆ ಬರುತ್ತಿದ್ದವು. ಎಷ್ಟನೆಯ ದಿನಕ್ಕೆ ಹಣ್ಣು ಎಷ್ಟು ಮಾಗಿದೆ ಎಂದು ನಾನು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. “ನಮ್ಮ ಸುವ್ವಿ ಮೂಗು ಮೂಗಲ್ಲ, ತಕ್ಕಡಿ ಅದ,” ಎಂದು ಅಪ್ಪ ತೋಟದ ಆಳುಗಳ ಮುಂದೆ ಹೇಳಿಕೊಳ್ಳುತ್ತಿದ್ದ. ನಿಮ್ಮ ಮನೆಗಳಲ್ಲೂ ಅಂಥ ಒಂದು ಕೋಣೆ ಇದ್ದಿರಬೇಕು. ಈಗ ಅದರ ಬಾಗಿಲು ಎಲ್ಲಿತ್ತೆಂದು ತೋರಿಸಲು ಹೋದರೆ ಕೈ ಗಾಳಿಯಲ್ಲಿ ನಿಲ್ಲುತ್ತದೆ. ರಸ್ತೆ ಅಗಲ ಮಾಡಿದಾಗ ನಮ್ಮ ಮನೆ ಪೂರ್ತಿ ಹೋಯಿತು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಬಸ್ಸು ಈಗ ನಮ್ಮ ಅಡುಗೆಮನೆಯ ಮೇಲೆ ಹಾಯುತ್ತದೆ. ಆ ಬಸ್ಸಿನಲ್ಲಿ ನಾನು ಎಷ್ಟೋ ಸಲ ಹೋಗಿದ್ದೇನೆ. ಆ ಜಾಗ ಬಂದಾಗ ಕಾಲು ತಾನಾಗಿ ಮೇಲೆ ಸರಿಯುತ್ತದೆ, ಒಲೆ ತುಳಿದುಬಿಡುತ್ತೇನೋ ಎಂಬಂತೆ.

ಅವ್ವ ನಾನು ಆರು ವರ್ಷದವಳಿದ್ದಾಗ ತೀರಿಹೋಗಿದ್ದಳು. ನನ್ನನ್ನು ಬೆಳೆಸಿದವಳು ಅಕ್ಕ, ನೀಲಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು. ಅವಳಿಗೆ ಹದಿನೇಳರಲ್ಲಿ ಒಂದು ದೊಡ್ಡ ಜ್ವರ ಬಂದು ಇಪ್ಪತ್ತು ದಿನ ಮಲಗಿಸಿತು. ಜ್ವರ ಬಿಟ್ಟಿತು, ಹೋಗುವಾಗ ಮೂಗಿನ ಶಕ್ತಿ ಒಯ್ದಿತು. ಮಲ್ಲಿಗೆ ಹಿಡಿದರೂ ಒಂದೇ, ಸಗಣಿ ಹಿಡಿದರೂ ಒಂದೇ. ಉಪ್ಪು, ಹುಳಿ, ಖಾರ, ಸಿಹಿ ಇಷ್ಟು ನಾಲಿಗೆಗೆ ತಿಳಿಯುತ್ತಿತ್ತು, ಉಳಿದದ್ದು ಇಲ್ಲ. ಮೊದಲ ತಿಂಗಳು ಹಾಲು ಎಷ್ಟು ಸಲ ಹೊತ್ತಿತೋ, ಬೇಳೆ ಎಷ್ಟು ಸಲ ಸೀದಿತೋ. ಆಮೇಲೆ ಅವಳು ಕಿವಿಯಿಂದ, ಕಣ್ಣಿಂದ, ಬೆರಳ ತುದಿಯಿಂದ ಅಡುಗೆ ಮಾಡುವುದನ್ನು ಹೊಸದಾಗಿ ಕಲಿತಳು. ಸಾಸಿವೆ ಚಟಪಟ ನಿಂತ ಮೇಲೆ ಎಣಿಸುತ್ತಿದ್ದಳು, ಹಿಂಗಿಗೆ ಎರಡು, ಬೆಳ್ಳುಳ್ಳಿಗೆ ಏಳು. ಎಣಿಕೆಗೆ ಸಿಗದ್ದಕ್ಕೆ ನಾನಿದ್ದೆ. ಇದು ಹೊರಗೆ ಗೊತ್ತಾದರೆ ಅಕ್ಕನನ್ನು ಯಾರೂ ಮಾಡಿಕೊಳ್ಳುವುದಿಲ್ಲ ಎಂದು ಅಪ್ಪ ನಮ್ಮಿಬ್ಬರ ಬಾಯಿ ಕಟ್ಟಿದ್ದ. ಹಾಗಾಗಿ ಬೇರೆಯವರಿದ್ದಾಗ ಹೇಳಲು ನಮಗೊಂದು ಗುರುತಿತ್ತು. ಏನಾದರೂ ಹೊತ್ತಿದರೆ, ಹಳಸಿದರೆ ನಾನು “ಅಕ್ಕ, ನೀರು ಕೊಡ” ಎನ್ನಬೇಕು. ಅವಳು ಏಳುತ್ತಿದ್ದಳು, ನೀರು ಕೊಡುವ ನೆವದಲ್ಲಿ ಪಾತ್ರೆ ಇಳಿಸುತ್ತಿದ್ದಳು. ಮೂರು ವರ್ಷ ಊರಿನವರು ಯಾರಿಗೂ ತಿಳಿಯಲಿಲ್ಲ. ಆ ಹುಡುಗಿಗೆ ಎಷ್ಟು ನೀರಡಿಕೆಯೋ ಎಂದಷ್ಟೇ ಅಂದುಕೊಂಡರು.

ನಾನು ಏಳನೆಯದರಲ್ಲಿದ್ದಾಗ, ದೀಪಾವಳಿ ಮುಗಿದ ವಾರಕ್ಕೆ ಕಾಶಿ ಅತ್ತಿ ಬಂದಳು. ಅಪ್ಪನ ತಂಗಿ. ಕಲಬುರಗಿಯಲ್ಲಿ ಕೋಟೆಯ ಹಿಂದೆ ಅವಳ ಮನೆ. ಜೇವರ್ಗಿ ಕಾಲೋನಿಯ ಒಂದು ದವಾಖಾನೆಯಲ್ಲಿ ಔಷಧಿ ಕೊಡುವ ಕೆಲಸದ ಹುಡುಗನ ಸಂಬಂಧ ತಂದಿದ್ದಳು. ಆ ಮನೆಯವರದೊಂದು ರೂಢಿ. ಉಪ್ಪಿಟ್ಟು, ಚಹಾಕ್ಕೆ ಹೆಣ್ಣು ನೋಡುವವರಲ್ಲ. ಹುಡುಗಿ ಒಬ್ಬಳೇ ಮಾಡಿದ ಪೂರ್ತಿ ಊಟ ಉಂಡು, ಕೊನೆಗೆ ಅವಳು ಹಿಡಿದ ತಟ್ಟೆಯಿಂದ ಎಲೆ ಅಡಿಕೆ ತೆಗೆದುಕೊಂಡರೆ ಒಪ್ಪಿದ ಹಾಗೆ. ಎಲೆ ಮುಟ್ಟದೆ ಎದ್ದರೆ ಇಲ್ಲ. ಅತ್ತಿಗೂ ಅಕ್ಕನ ಮೂಗಿನ ಸಂಗತಿ ಗೊತ್ತಿರಲಿಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅಪ್ಪ ಹೇಳಿರಲಿಲ್ಲ.

ಅಂಗಳದಲ್ಲಿ ಹೊರಸಿನ ಮೇಲೆ ಕುಳಿತು ಅತ್ತಿ ಊಟದ ಪಟ್ಟಿ ಹೇಳತೊಡಗಿದಳು. ಬರೆಯುವವಳು ನಾನು, ಗಣಿತದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು.

“ಬರೀ ಸುವ್ವಿ, ಮೊದಲ ಬಾಸುಂದಿ.”

“ಬಾಸುಂದಿ ಬ್ಯಾಡತ್ತಿ,” ಎಂದಳು ಅಕ್ಕ.

“ಯಾಕ ಬ್ಯಾಡ? ಕಮಲಾಪುರದಾಗ ಎಮ್ಮಿ ಹಿಂಡೋದು ಬಿಟ್ಟಾರೇನು?”

“ಹಾಲು ಹೊತ್ತತಾವ.”

“ಹಾಂಗಾರ ಗೋಧಿ ಹುಗ್ಗಿ ಬರೀ.”

“ಹುಗ್ಗಿ ತಳಾ ಹಿಡೀತದ ಅತ್ತಿ.”

“ಅಯ್ಯ ನಮ್ಮವ್ವಾ! ಹಂಗಾರ ಒಂದು ಕೆಲಸ ಮಾಡು. ಎಲ್ಲಾರ ಉಡ್ಯಾಗ ಒಂದೊಂದು ಬೊಗಸಿ ಚುರಮುರಿ ಹಾಕಿ ಬಸ್ ಹತ್ತಿಸಿ ಬಿಡು. ಆಕಿ ಹುಡುಗನ ತಾಯಿ ಎಂಥಾಕಿ ಗೊತ್ತದೇನು? ಕಲಬುರಗ್ಯಾಗ ನಾಕು ಹುಡುಗ್ಯಾರ ಮನ್ಯಾಗ ಉಂಡು, ಡೇಗಿ, ಕೈ ತೊಳಕೊಂಡು ಬಂದಾಳ. ಎಲಿ ಒಂದರಾಗೂ ಮುಟ್ಟಿಲ್ಲ.”

ಅಪ್ಪ ಕಂಬಕ್ಕೆ ಒರಗಿ ಕೇಳುತ್ತಿದ್ದ. ಅತ್ತಿಗೆ ಅದು ಬರೀ ಊಟದ ಪಟ್ಟಿ, ನಮಗೆ ಮೂವರಿಗೆ ಅದು ಕೊಳ್ಳದಂಚಿನ ನಡಿಗೆ. ಅತ್ತಿ ಒಂದೊಂದು ಹೆಸರು ಹೇಳಿದಾಗಲೂ ಅಕ್ಕನ ಕಣ್ಣು ನೆಲದ ಮೇಲೆ ಓಡಾಡುತ್ತಿತ್ತು. ಇದು ಎಲ್ಲಿ ಸೀಯುತ್ತದೆ, ಇದು ಸೀದರೆ ಬಣ್ಣ ಬದಲಾಗುತ್ತದೋ ಇಲ್ಲವೋ, ಸದ್ದು ಬದಲಾಗುತ್ತದೋ ಇಲ್ಲವೋ ಎಂದು ಅವಳು ಮನಸ್ಸಿನಲ್ಲೇ ಅಡುಗೆ ಮಾಡಿ ನೋಡುತ್ತಿದ್ದಳು. ಜೋಳದ ರೊಟ್ಟಿ ಎಂದಾಗ ಗೋಣು ಹಾಕಿದಳು. ಅದು ಅಂಗೈಯ ಕೆಲಸ. ಎಣ್ಣೆಗಾಯಿ ಬದನೆಕಾಯಿಗೆ ಸ್ವಲ್ಪ ಹೊತ್ತು ಯೋಚಿಸಿ, ಆಗಲಿ ಎಂದಳು. ಮಸಾಲೆಯ ಶೇಂಗಾ, ಎಳ್ಳು ಎರಡೂ ಕಣ್ಣಿಗೆ ಕೆಂಪಾಗಿ ಕಾಣುತ್ತವೆ. ಪುಂಡಿಪಲ್ಯ ಹುಳಿಯದು, ನಾಲಿಗೆಗೆ ಸಿಗುತ್ತದೆ. ಶೇಂಗಾ ಹಿಂಡಿ, ಮೊಸರು, ಅನ್ನ. ಸಿಹಿ ಯಾವುದು ಎಂಬಲ್ಲಿ ಮತ್ತೆ ನಿಂತಿತು. ಕೊನೆಗೆ ಅಕ್ಕನೇ ಹೇಳಿದಳು, ಹೂರಣದ ಹೋಳಿಗೆ. ಬೇಳೆ ಬೆಂದದ್ದು ಬೆರಳಿಗೆ ತಿಳಿಯುತ್ತದೆ, ಹಂಚಿನ ಮೇಲೆ ಬೆಂದದ್ದು ಕಣ್ಣಿಗೆ. ಬಸಿದ ಕಟ್ಟಿನದು ಸಾರು. ಕೊನೆಗೆ ನಮ್ಮ ಕೆಂಪು ಬಾಳೆಹಣ್ಣು, ಅದಕ್ಕೆ ಯಾರ ಕೈಗುಣವೂ ಬೇಡ. ನಾನು ಬರೆದು ಮುಗಿಸಿದೆ. ಅಕ್ಕನ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು, ಕಾರ್ತಿಕದ ಥಂಡಿಯಲ್ಲಿ.

ಅವರು ಬರುವ ದಿನ ಬೆಳಿಗ್ಗೆ ನಾವಿಬ್ಬರೂ ಹೂರಣ ರುಬ್ಬುತ್ತ ಕುಳಿತಿದ್ದೆವು. ನಾನು ಕೇಳಿದೆ, “ಅಕ್ಕ, ಅಲ್ಲಿ ನಿಂಗ ವಾಸನಿ ಯಾರು ನೋಡ್ತಾರ?”

ಅಕ್ಕ ಕಲ್ಲು ತಿರುವುತ್ತಲೇ ಹೇಳಿದಳು, “ಹೋಗಿ ಎಂಟು ದಿನಕ್ಕ ಅವರಿಗೇ ಹೇಳಿಬಿಡ್ತೀನಿ. ದವಾಖಾನ್ಯಾಗ ಇರೋರು, ತಿಳಕೊಳ್ತಾರ. ಅವರೇ ನೋಡ್ತಾರ ಬಿಡು.”

ಫೋಟೋದಲ್ಲಷ್ಟೇ ನೋಡಿದ ಮನುಷ್ಯನ ಬಗ್ಗೆ ಅವಳು ಹಾಗೆ ಹೇಳಿದಳು, ಹೇಳುವಾಗ ನಕ್ಕಳು. ಅವ್ವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನ್ನ ಎದೆಯಲ್ಲಿ ಏನೋ ತಣ್ಣಗಾಯಿತು. ಮಧ್ಯಾಹ್ನ ಹಣ್ಣು ತರಲು ಮಾಗಿಸುವ ಕೋಣೆಗೆ ಹೋದಾಗ ಗೋಡೆಯಾಚೆ ಅಪ್ಪ ಅತ್ತಿಗೆ ಹೇಳುವುದು ಕೇಳಿಸಿತು: “ನೀಲಿ ಹೋದ ಮ್ಯಾಲ ಮನಿ ಸುವ್ವಿ ನೋಡ್ತಾಳ. ಸಾಲಿ ಈ ವರ್ಷಕ್ಕ ಸಾಕು, ಕಾಶಿ.” ನಾನು ಹುಲ್ಲಿನಲ್ಲಿ ಕೈಯಿಟ್ಟು ನಿಂತೇ ಇದ್ದೆ. ಅವತ್ತು ಸಂಜೆ ಮಾಡಿದ್ದನ್ನು ಸಾಲೆಗಾಗಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಖರೆ. ಉಳಿದರ್ಧ ಆ ನಗು.

ಅತ್ತಿ ಅವತ್ತು ತನ್ನ ಮನೆಯ ಪಂಪಿನ ಸ್ಟೋವ್ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. “ಒಲಿ ಮುಂದ ಕುಂತ್ರ ಹೊಗಿ ಹತ್ತಿ ಮುಖಾ ಕರ್ರಗ ಆಗ್ತದ. ಅವರು ಬಂದಾಗ ಹುಡುಗಿ ಹುಡುಗಿಯಂಗ ಕಾಣಬೇಕು, ಇದ್ದಲಿಯಂಗ ಅಲ್ಲ,” ಎಂದಳು. ಸೀಮೆಎಣ್ಣೆ ಸೋರಿದರೂ ತಿಳಿಯದವಳ ಕೈಗೆ ಸ್ಟೋವ್ ಬೇಡವೆಂದೇ ಅಪ್ಪ ನಮ್ಮ ಮನೆಗೆ ಅದನ್ನು ತಂದಿರಲಿಲ್ಲ. ಅತ್ತಿಗೆ ಅದನ್ನು ಹೇಳುವುದು ಹೇಗೆ? ಅಪ್ಪ ಅಕ್ಕನ ಮುಖ ನೋಡಿದ, ಅಕ್ಕ ನನ್ನ ಮುಖ ನೋಡಿದಳು. ಸಂಜೆ ಅಪ್ಪ, ಅತ್ತಿ ಇಬ್ಬರೂ ಬೀಗರನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದರು. ಮನೆಯಲ್ಲಿ ನಾವಿಬ್ಬರೇ.

ಸ್ಟೋವಿನ ಮುಚ್ಚಳ ಸಡಿಲಿತ್ತು. ಅಕ್ಕ ಎಣ್ಣೆ ತುಂಬಿ ಪಂಪು ಹೊಡೆಯುವಾಗ ಅದು ಅವಳ ಬೆರಳ ಮೇಲೆ ಹರಿಯಿತು. ಅವಳು ಪಕ್ಕದಲ್ಲಿದ್ದ ಬಟ್ಟೆಯಿಂದ ಕೈ ಒರೆಸಿಕೊಂಡಳು. ಒರೆಸಿದರೆ ಹೋಯಿತೆಂದು ತಿಳಿದಿರಬೇಕು. ಗಡಿಬಿಡಿಯಲ್ಲಿ ಅದೇ ಬಟ್ಟೆಯನ್ನು ಒದ್ದೆ ಮಾಡಿ ಕಣಕದ ಮೇಲೆ ಮುಚ್ಚಿದಳು, ಅದೇ ಕೈಯಿಂದ ಉಂಡೆ ಕಟ್ಟಿದಳು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಸ್ಟೋವ್ ಹತ್ತಿದ ಮೇಲೆ ಅಡುಗೆಮನೆಯೆಲ್ಲ ಅದರದೇ ವಾಸನೆ, ಅದರಲ್ಲಿ ಯಾವುದು ಎಲ್ಲಿಯದೆಂದು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಮೊದಲ ಹೋಳಿಗೆ ಹಂಚಿನಿಂದ ಇಳಿಯಿತು. ಹಬೆಯಾಡುವ ಅದನ್ನು ಅಕ್ಕ ಎರಡೂ ಕೈಯಲ್ಲಿ ಹಿಡಿದು ನನ್ನ ಮೂಗಿನ ಹತ್ತಿರ ತಂದಳು.

“ನೋಡವ್ವ, ಬರೋಬರಿ ಅದೇನು?”

ಏಲಕ್ಕಿ, ಬೆಲ್ಲ, ತುಪ್ಪ, ಅವುಗಳ ಮೇಲೆ ಸೀಮೆಎಣ್ಣೆ. ತಲೆಗೆ ಹೊಡೆಯುವಷ್ಟಿತ್ತು. ಇನ್ನೂ ವೇಳೆಯಿತ್ತು. ಬಸ್ಸು ಬರಲು ಅರ್ಧ ತಾಸು ಇತ್ತು, ಡಬ್ಬಿಯಲ್ಲಿ ಹಿಟ್ಟಿತ್ತು. ಆ ಕಣಕ ಚೆಲ್ಲಿ ಹೊಸದಾಗಿ ನಾದಬಹುದಿತ್ತು. ಅಕ್ಕನ ಕಣ್ಣು ನನ್ನ ಬಾಯಿಯ ಮೇಲಿತ್ತು.

“ಬರೋಬರಿ ಅದ,” ಎಂದೆ.

“ನೀರು ಬೇಕೇನು?” ಅಕ್ಕ ಇನ್ನೊಮ್ಮೆ ಕೇಳಿದಳು. ಯಾರೂ ಇಲ್ಲದಿದ್ದರೂ ಹೆದರಿಕೆಗೆ ಆ ಗುರುತಿನ ಮಾತೇ ಬಂತು.

“ಬ್ಯಾಡ.”

ಅವಳು ನಿಟ್ಟುಸಿರು ಬಿಟ್ಟು ಎರಡನೆಯದನ್ನು ಲಟ್ಟಿಸಲು ಕುಳಿತಳು.

ಬಂದವರು ಮೂವರು: ಹುಡುಗ, ಅವನ ತಾಯಿ, ಅವನ ಸೋದರಮಾವ. ಪಡಸಾಲೆಯಲ್ಲಿ ಊದುಬತ್ತಿ ಹಚ್ಚಿ ಅತ್ತಿ ಚಾಪೆ ಹಾಸಿದ್ದಳು. ಮೊದಲ ಅರ್ಧ ಊಟ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಏನೂ ಆಗಲಿಕ್ಕಿಲ್ಲ ಎಂದು ನನಗೇ ಅನ್ನಿಸಿತು. ತಾಯಿ ರೊಟ್ಟಿ ಮುರಿದು, “ಕೈ ಛಲೋ ಅದ ಹುಡುಗೀದು,” ಎಂದರು. ಸೋದರಮಾವ ಬದನೆಕಾಯಿ ಎರಡು ಸಲ ಹಾಕಿಸಿಕೊಂಡರು. ಅತ್ತಿ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಆಮೇಲೆ ಅಕ್ಕ ಹೋಳಿಗೆಯ ಬುಟ್ಟಿ ಹಿಡಿದು ಬಂದಳು. ನಾನು ಬಾಗಿಲಿಗೆ ಸರಿದೆ. ಹುಡುಗ ತುಪ್ಪ ಹಾಕಿಸಿಕೊಂಡು ಒಂದು ತುತ್ತು ತಿಂದ, ತಡೆದ, ಅಕ್ಕನ ಮುಖ ನೋಡಿದ, ಮತ್ತೆ ತಲೆ ತಗ್ಗಿಸಿ ತಿನ್ನತೊಡಗಿದ. ಅವನ ತಾಯಿ ತುಂಡನ್ನು ಬಾಯಿಯವರೆಗೆ ಒಯ್ದು ಅಲ್ಲೇ ನಿಲ್ಲಿಸಿದರು.

“ಯವ್ವಾ, ಇದು ನೀನೇ ಮಾಡಿದ್ದೇನು?”

“ಹೌದ್ರಿ.”

“ವಾಸನಿ ನೋಡಿದೇನು?”

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಗಿಲ ಚೌಕಟ್ಟಿನ ಮೊಳೆ ನೋಡುತ್ತಿದ್ದೆ. “ನೋಡೀನ್ರಿ,” ಎಂದಳು.

ಆ ತಾಯಿ ತುಂಡನ್ನು ಅಕ್ಕನ ಮೂಗಿಗೆ ಹಿಡಿದರು. “ಹಾಂಗಾರ ಏನು ವಾಸನಿ ಬರ್ಲಾಕತ್ತದ, ಹೇಳು.”

ಅಕ್ಕ ಉಸಿರು ಎಳೆದುಕೊಂಡಳು. ನಿಜವಾಗಿ ಮೂಸಿ ನೋಡುವವರ ಹಾಗೆ ಕಣ್ಣು ಮುಚ್ಚಿದಳು ಕೂಡ. “ಯಾಲಕ್ಕಿ ವಾಸನಿ ರೀ,” ಎಂದಳು.

ಅತ್ತಿ ಕೈ ಚಾಚಿ ಒಂದು ಚೂರು ತೆಗೆದುಕೊಂಡು ಮೂಸಿದಳು. “ಅಯ್ಯಯ್ಯೋ, ಚಿಮಣಿ ಎಣ್ಣಿ! ನೀಲಾ, ಇದು ಗೊತ್ತಾಗಲಿಲ್ಲೇನ ನಿನಗ?” ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅಷ್ಟರಲ್ಲಿ ಎಲ್ಲವೂ ಹೊರಗೆ ಬಿದ್ದಿತ್ತು.

ಆ ತಾಯಿ ಕೆಟ್ಟವರಲ್ಲ. ಬಿರುಸಾಗಿ ಒಂದು ಮಾತೂ ಆಡಲಿಲ್ಲ. ಕೈ ತೊಳೆದುಕೊಂಡು ಸೆರಗಿನಿಂದ ಒರೆಸಿಕೊಳ್ಳುತ್ತ ಅಕ್ಕನಿಗೆ ಹೇಳಿದರು, “ನಿಂದೇನು ತಪ್ಪಿಲ್ಲವ್ವ. ಆದ್ರ ಮನಿ ಅಂದ ಮ್ಯಾಲ ಬೆಂಕಿ ಇರ್ತದ, ಕೂಸು ಇರ್ತಾವ. ನಾಳೆ ಕೂಸಿನ ಹಾಲು ಕೆಟ್ಟರ ನಿಂಗ ಯಾರು ಹೇಳಬೇಕು?”

“ಅವ್ವಾ, ನಾ ಒಂದು ಪೂರಾ ತಿಂದೀನಿ, ಏನೂ ಆಗಿಲ್ಲ ಬಿಡು,” ಎಂದ ಹುಡುಗ. ಅವನ ಬಾಳೆಲೆಯಲ್ಲಿ ಹೋಳಿಗೆಯ ಒಂದು ಚೂರೂ ಉಳಿದಿರಲಿಲ್ಲ.

“ನೀ ಸುಮ್ಮಿರು.”

ಅಕ್ಕ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತೇ ಇದ್ದಳು. ಅವರು ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟುವವರೆಗೂ ನಿಂತಿದ್ದಳು. ಹುಡುಗ ಒಮ್ಮೆ ಹಿಂದೆ ತಿರುಗಿ ನೋಡಿದ. ಅವನು ಅಕ್ಕನಿಗೆ ವಾಸನೆ ನೋಡಿ ಹೇಳುವವನಾಗುತ್ತಿದ್ದ ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಸುದ್ದಿ ಅವರಿಂದ ಹರಡಲಿಲ್ಲ, ಅತ್ತಿಯಿಂದ ಹರಡಿತು. ಅವಳಿಗೆ ಕೆಡುಕು ಮಾಡುವ ಮನಸ್ಸಿರಲಿಲ್ಲ, ಕಂಡವರ ಮುಂದೆಲ್ಲ ಮರುಗಿ ಮರುಗಿ ಹೇಳಿದಳು ಅಷ್ಟೆ. ಆಮೇಲೆ ನಮ್ಮ ಹೊಸ್ತಿಲಿಗೆ ಇನ್ನೊಂದು ಸಂಬಂಧ ಬರಲಿಲ್ಲ. ಅಕ್ಕನಿಗೆ ತನ್ನ ಕೈ ಮೇಲೆಯೇ ನಂಬಿಕೆ ಹೋಯಿತು. ಎಣಿಸುವುದನ್ನು ಬಿಟ್ಟಳು. ನಾನು ಪಕ್ಕದಲ್ಲಿ ಇಲ್ಲದಿದ್ದರೆ ಒಲೆ ಹಚ್ಚುತ್ತಿರಲಿಲ್ಲ. ನಾನು ಎಂಟನೆಯದಕ್ಕೆ ಹೋದೆ, ಆದರೆ ತೋಟದಿಂದ ಅಪ್ಪ ಬರುವ ಹೊತ್ತಿಗೆ ಮನೆಯಲ್ಲಿ ಬೆಂಕಿಯೇ ಇರುತ್ತಿರಲಿಲ್ಲ. ಅರ್ಧ ವರ್ಷಕ್ಕೆ ಅಪ್ಪ ನನ್ನ ಪಾಟಿಚೀಲವನ್ನು ಗೂಟಕ್ಕೆ ಹಾಕಿದ. ಅಕ್ಕ ಅದಕ್ಕಾಗಿ ಅತ್ತಳು, ತನ್ನಿಂದ ನನ್ನ ಸಾಲೆ ಹೋಯಿತೆಂದು. ನನ್ನ ಮುಂದೆ ಕುಳಿತು, ನನ್ನ ಕೈ ಹಿಡಿದುಕೊಂಡು ಅತ್ತಳು. ಆಗಲೂ ನಾನು ಹೇಳಲಿಲ್ಲ.

ಮುಂದೆ ನನ್ನ ಮದುವೆಯಾಯಿತು, ಕಲಬುರಗಿಗೆ ಬಂದೆ. ಅಪ್ಪ ತೀರಿಕೊಂಡು, ಮನೆ ರಸ್ತೆಗೆ ಹೋದ ಮೇಲೆ ಅಕ್ಕನೂ ನಮ್ಮಲ್ಲಿಗೇ ಬಂದಳು. ಇಪ್ಪತ್ತೈದು ವರ್ಷ ಈ ಮನೆಯಲ್ಲಿದ್ದಳು. ನನ್ನ ಮಕ್ಕಳನ್ನು ಬೆಳೆಸಿದಳು. ಕೂಸಿನ ಹಾಲು ಕೊಡುವ ಮುಂಚೆ ಪ್ರತಿಸಲ ಬಟ್ಟಲನ್ನು ನನ್ನ ಹತ್ತಿರ ತಂದು, “ನೋಡವ್ವ, ಬರೋಬರಿ ಅದೇನು?” ಎಂದು ಕೇಳುತ್ತಿದ್ದಳು. ನಾನು ಮೂಸಿ, ಇನ್ನೊಮ್ಮೆ ಮೂಸಿ, ಹೇಳುತ್ತಿದ್ದೆ. ಆ ಒಂದು ದಿನ ಬಿಟ್ಟರೆ ಅವಳಿಗೆ ನಾನು ಯಾವತ್ತೂ ಸುಳ್ಳು ವಾಸನೆ ಹೇಳಲಿಲ್ಲ. ಅವಳು ಯಾವತ್ತೂ ನನ್ನ ಮಾತನ್ನು ಅನುಮಾನಿಸಲಿಲ್ಲ. ಆ ನಂಬಿಕೆಯನ್ನು ಹೊತ್ತುಕೊಂಡು ಬದುಕುವುದು ಎಂಥದೆಂದು ನಿಮಗೆ ಹೇಗೆ ಹೇಳಲಿ?

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾವಿಬ್ಬರೂ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದೆವು. ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಆಗಲೇ ಗೋಡೆ ಹಿಡಿದು ನಡೆಯುತ್ತಿದ್ದಳು. ಇವತ್ತು ಹೇಳದಿದ್ದರೆ ಮುಂದೆ ಹೇಳಲಾರೆ ಅನ್ನಿಸಿತು.

“ಅಕ್ಕ, ಅವತ್ತಿನ ಹೋಳಿಗಿ...” ಎಂದೆ.

ಅಕ್ಕ ಯಾವತ್ತು ಎಂದು ಕೇಳಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಒಂದು ಎಸಳಿನ ಸಿಪ್ಪೆಯನ್ನು ನಿಧಾನಕ್ಕೆ ಬಿಡಿಸಿ, ಬಟ್ಟಲಿಗೆ ಹಾಕಿ, “ಅವತ್ತ ನಿಂಗ ನೆಗಡಿ ಆಗಿತ್ತಲ್ಲ,” ಎಂದಳು. “ಮೂಗು ಕಟ್ಟಿತ್ತು, ಪಾಪ. ಸಣ್ಣಾಕಿ ಇದ್ದಿ. ನಿಂಗರ ಹೆಂಗ ತಿಳೀಬೇಕು?”

ಇಷ್ಟು ವರ್ಷ ಅವಳು ನನಗಾಗಿ ಒಂದು ನೆಗಡಿ ಇಟ್ಟುಕೊಂಡಿದ್ದಳು. ನಿಜವಾಗಿ ಹಾಗೆಂದು ನಂಬಿದ್ದಳೋ, ನನ್ನ ಬಾಯಿಂದ ಬೇರೆ ಮಾತು ಬರದಿರಲೆಂದು ಅಡ್ಡ ಹಾಕಿದಳೋ, ನನಗೆ ಗೊತ್ತಿಲ್ಲ. ನಾನು ಬೆಳ್ಳುಳ್ಳಿಯನ್ನೇ ನೋಡುತ್ತ, “ಹೌದಕ್ಕ, ನೆಗಡಿ ಆಗಿತ್ತು,” ಎಂದೆ.

ಹೋದ ವರ್ಷ ಅಕ್ಕ ತೀರಿಹೋದಳು. ಹೋಳಿಗೆ ಮಾಡಿದ ಆ ಸಂಜೆ ನನಗೆ ನೆಗಡಿ ಇರಲಿಲ್ಲ. ಇದನ್ನು ಕೇಳಬೇಕಾದವಳು ಇಲ್ಲ, ಅದಕ್ಕೇ ನಿಮಗೆ ಹೇಳಿದೆ.